ಡೋಣಿಯ ಅಜ್ಜಿಯ ಗೋಡೆ

ಏಕೀಕರಣದ ವರ್ಷ ಜಡಿಮಳೆಗೆ ಮಣ್ಣಿನ ಮನೆಗಳು ಬಿದ್ದಿದ್ದವು. ಆ ಮಣ್ಣನ್ನು ಚಕ್ಕಡಿಯಲ್ಲಿ, ಅಂದರೆ ಎತ್ತಿನ ಗಾಡಿಯಲ್ಲಿ, ಊರಾಚೆ ಸಾಗಿಸುವ ಸರಕಾರಿ ಕೆಲಸ ನನ್ನದು. ಸೊರಟೂರು ಮುಗಿಸಿ ಡೋಣಿಗೆ ಬಂದರೆ, ಒಬ್ಬ ಅಜ್ಜಿ ತನ್ನ ಬಿದ್ದ ಮನೆಯ ಗುಡ್ಡೆಯ ಮೇಲೆಯೇ ಕೂತಿದ್ದಳು.

"ಏಳ್ರಿ ಯವ್ವಾ, ಈ ಕಸ ಒಯ್ಯಬೇಕು," ಎಂದೆ.

"ಕಸ ಅಂದ್ಯಾ ತಮ್ಮಾ? ಇದು ನನ್ನ ಗ್ವಾಡಿ. ಈಗ ಮಲಗೇತಿ, ಕಲಸಿದ್ರ ಮತ್ತ ಎದ್ದ ನಿಂದರತೈತಿ. ನೀ ಒಯ್ದ್ರ ನಾ ಯಾತರಲೆ ಮನಿ ಕಟ್ಟಲಿ?"

ಹುಕುಮಿನಲ್ಲಿ 'ಊರಾಚೆ' ಎಂದೇ ಇತ್ತು. ಆದರೂ ಹೆದರುತ್ತಲೇ, ದಾರಿಗೆ ಬಿದ್ದದ್ದನ್ನಷ್ಟೇ ಎತ್ತಿಸಿ ಅವಳ ಅಂಗಳಕ್ಕೆ ಸುರಿಸಿದೆ.

"ಇಲ್ಲೀತನಕ ಬಂದಿ, ಒಂದೀಟು ಮಣ್ಣ ತುಳದ ಹೋಗು," ಎಂದಳು. ತುಳಿದೆ.

ಬಾಳೆಹೊಸೂರಿಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಅಲ್ಲಿ ಒಂದೊಂದು ಗುಡ್ಡೆಯ ಮೇಲೂ ಒಬ್ಬೊಬ್ಬ ಅಜ್ಜಿ ಕೂತಿದ್ದಳು. ಪಕ್ಕದಲ್ಲಿ ಮಣ್ಣು ಕಲಸಲು ನೀರಿನ ಕೊಡ, ನನ್ನ ಕಾಲು ತೊಳೆಯಲು ಒಂದು ತಂಬಿಗೆ.