ಹೂಂರಿ ಇಲ್ಲದ ಪಾಠ

ತರಬೇತಿ ಎಂದರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಪರದೆಯ ಮೇಲೆ ಅಕ್ಷರಗಳು ಓಡುತ್ತವೆ, ನಡುವೆ ತಿನ್ನಲು ಒಗ್ಗರಣಿ ಮಿರ್ಚಿ ಬರುತ್ತದೆ, ಕೊನೆಗೆ ಸರ್ಟಿಫಿಕೇಟ್ ಹಿಡಿದು ಒಂದು ಫೋಟೊ. ಹೋಗದಿದ್ದರೆ ಬಡ್ತಿಗೆ ಕಲ್ಲು, ಹೋದರೆ ತಲೆನೋವು. ಕಾಲೇಜು ಅಧ್ಯಾಪಕರಿಗೆ ‘ಪರಿಣಾಮಕಾರಿ ಬೋಧನೆ’ಯ ತರಬೇತಿ ಕೊಪ್ಪಳದಲ್ಲಿದೆ, ಒಂದು ವಾರ ಬರಬೇಕು ಎಂದು ಆದೇಶ ಬಂದಾಗ ನಾನು ಮೂಗು ಮುರಿದೆ. ಗಂಗಾವತಿಯಲ್ಲಿ ಇಷ್ಟು ವರ್ಷ ಫಿಜಿಕ್ಸ್ ಕಲಿಸಿದವಳಿಗೆ ಕಲಿಸುವುದನ್ನು ಇನ್ಯಾರು ಕಲಿಸಬೇಕು ಎಂಬ ಸೊಕ್ಕು ಬೇರೆ.

ಆ ಸಲ ನಮ್ಮ ವಿಭಾಗದ ಹಿರಿಯ ಸರ್ ತಾವೂ ಬರುತ್ತೇನೆಂದು ಕೈಸನ್ನೆ ಮಾಡಿದರು. ನಾನೂ ಒಂದು ಕಾಲಕ್ಕೆ ಅವರ ವಿದ್ಯಾರ್ಥಿನಿಯೇ. ಅವರ ಪಾಠ ಕೇಳಲು ಕ್ಲಾಸಿಗೇ ಹೋಗಬೇಕೆಂದಿರಲಿಲ್ಲ; ಎದುರಿನ ಕ್ಯಾಂಟೀನಿನಲ್ಲಿ ಕೂತರೂ ಚಲನೆಯ ನಿಯಮಗಳೆಲ್ಲ ಚಹಾದ ಜೊತೆಗೆ ಕಿವಿಗೆ ಬೀಳುತ್ತಿದ್ದವು. ಅಂಥ ಕಂಠ. ಹುಡುಗ, ಹುಡುಗಿ ಎನ್ನದೆ ಎಲ್ಲರಿಗೂ ‘ಬೇಟಾ’ ಎನ್ನುತ್ತಿದ್ದರು. ಆ ಕಂಠಕ್ಕೇ ಆಪರೇಷನ್ ಆಯಿತು. ಜೀವಕ್ಕೇನೂ ತೊಂದರೆಯಾಗಲಿಲ್ಲ, ದನಿ ಮಾತ್ರ ಹೋಯಿತು. ಉಳಿದದ್ದು ಪಿಸುಮಾತು, ಅದೂ ಕಿವಿ ಹತ್ತಿರ ಒಯ್ದರೆ ಕೇಳುವಷ್ಟು. ಪ್ರಿನ್ಸಿಪಾಲರು ಒಳ್ಳೆಯ ಮನಸ್ಸಿನಿಂದಲೇ ಸ್ವಯಂ ನಿವೃತ್ತಿಯ ಮಾತು ತೆಗೆದಿದ್ದರು.

ಕೊಪ್ಪಳದ ಬಸ್ಸಿನಲ್ಲಿ ಸರ್ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದರು: “ಇದೊಂದು ನೋಡ್ತೀನಿ ಬೇಟಾ. ಇಲ್ಲೂ ಆಗಲಿಲ್ಲಂದ್ರ ಈ ತಿಂಗಳಿಗೆ ಕೆಲಸ ಬಿಟ್ಟಬಿಡ್ತೀನಿ.”

ದನಿಯೇ ಇಲ್ಲದ ಮೇಲೆ ಯಾವ ತರಬೇತಿ ಏನು ಮಾಡೀತು? ಬಾಯಿಬಿಟ್ಟು ಹಾಗೆ ಹೇಳುವುದಾದರೂ ಹೇಗೆ. ಇಬ್ಬರಿಗೂ ಟಿಕೆಟ್ ತೆಗೆಸಿದೆ.

ತರಬೇತಿ ಕೊಡಲು ಬಂದವರು ಕುಕನೂರು ಕಡೆಯ ಹೆಣ್ಣುಮಗಳು. ಎಲ್ಲೆಲ್ಲೋ ಓದಿ, ಎಲ್ಲೆಲ್ಲೋ ಕಲಿಸಿ ಬಂದಿದ್ದರೂ ಬಾಯಲ್ಲಿ ಊರಿನ ಮಾತೇ ಇತ್ತು. ಮೊದಲ ದಿನ ಅವರು ಗಂಭೀರವಾಗಿ ಒಂದು ವಾಕ್ಯ ಹೇಳಿದರು: “ಕಲಿಕೆಯ ಸಮತಲ ಸಾಂದ್ರತೆ ಹೆಚ್ಚಿದಂತೆ ಬೋಧನೆಯ ವಿಲೋಮ ಪ್ರಸರಣವು ತನ್ನಿಂದ ತಾನೇ ಸಮಗ್ರಗೊಳ್ಳುತ್ತದೆ.” ಆಮೇಲೆ ನಮ್ಮ ಕಡೆ ತಿರುಗಿ, “ಅರ್ಥ ಆತ್ರಿ ಎಲ್ಲಾರಿಗೂ?” ಎಂದರು.

“ಹೂಂರಿ,” ಎಂದೆವು ಎಲ್ಲರೂ. ಕುಷ್ಟಗಿಯವರು, ಗಂಗಾವತಿಯವರು, ಪಿಎಚ್‌ಡಿ ಮಾಡಿದವರು, ಮಾಡದವರು, ಒಂದೇ ದನಿಯಲ್ಲಿ. ಯಲಬುರ್ಗಾದ ಇತಿಹಾಸದ ಸರ್ ಅದನ್ನು ಬರೆದುಕೊಂಡೂ ಬಿಟ್ಟಿದ್ದರು.

“ಅದರ ಅರ್ಥ ನನಗ ಗೊತ್ತಿಲ್ಲರಿ,” ಎಂದರು ಮೇಡಂ. “ನಿಮಗ ಹ್ಯಾಂಗ ಆತು?”

ಇತಿಹಾಸದ ಸರ್ ಬರೆದುಕೊಂಡದ್ದನ್ನು ನೋಡಿ ತಾವೇ ಮೊದಲು ನಗಲು ಶುರುಮಾಡಿದರು, ನಮಗೆಲ್ಲ ಹೊಟ್ಟೆ ಹುಣ್ಣಾಯಿತು. ನಗು ಮುಗಿದ ಮೇಲೆ ಮೇಡಂ ಹೇಳಿದರು: “ನಮ್ಮ ಕಡಿ ಹೂಂರಿ ಅಂದ್ರ ತಿಳೀತು ಅಂತಲ್ಲ. ನೀವು ದೊಡ್ಡವರು, ಮುಂದ ಹೋಗ್ರಿ ಅಂತ. ತಿಳೀಲಿಲ್ಲರಿ ಅಂದ್ರ ಸರ್‌ಗ ಕಲಿಸಾಕ ಬರಂಗಿಲ್ಲ ಅಂದಂಗ ಅಕ್ಕೈತಿ ಅಂತ ಹುಡುಗರು ಅಂಜತಾವ. ಮರ್ಯಾದಿ ಅದು. ಆ ಮರ್ಯಾದಿನ ನಾವು ಉತ್ತರ ಅಂತ ತಿಳ್ಕೊಂಡೀವಿ.” ಇನ್ನು ವಾರವಿಡೀ ‘ಅರ್ಥ ಆತಾ’ ಎಂದು ಯಾರೂ ಕೇಳಕೂಡದು ಎಂದು ಕಟ್ಟುಮಾಡಿದರು.

ಕೇಳಲು ಸುಲಭ, ಮಾಡುವುದು ಕಷ್ಟ. ಒಬ್ಬೊಬ್ಬರೂ ತರಬೇತಿ ನಡೆಯುತ್ತಿದ್ದ ಕಾಲೇಜಿನ ನಿಜವಾದ ಮಕ್ಕಳ ಮುಂದೆ ಒಂದು ಸಣ್ಣ ಪಾಠ ಮಾಡಿ ತೋರಿಸಬೇಕಿತ್ತು. ಮೂರು ವಾಕ್ಯಕ್ಕೊಮ್ಮೆ ಆ ಪ್ರಶ್ನೆ ನಾಲಿಗೆಯ ತುದಿಗೆ ಬರುತ್ತಿತ್ತು, ನಾಲಿಗೆ ಕಚ್ಚಿಕೊಳ್ಳುತ್ತಿದ್ದೆವು. ನಾನಂತೂ ಒಮ್ಮೆ ‘ಅರ್ಥ’ ಎಂದು, ಗಕ್ಕನೆ ನಿಂತು, ‘ಶಾಸ್ತ್ರ’ ಎಂದು ಸೇರಿಸಿ ಪಾರಾದೆ. ಫಿಜಿಕ್ಸಿನ ಪಾಠದಲ್ಲಿ ಅರ್ಥಶಾಸ್ತ್ರ ಎಲ್ಲಿಂದ ಬಂತೆಂದು ಮಕ್ಕಳು ಮಿಕಿಮಿಕಿ ನೋಡಿದವು.

ಕೊನೆಯ ದಿನ ಸರ್ ಸರದಿ. ಬೆಳಗಿನಿಂದ ಅವರು ಒಂದು ತುತ್ತೂ ತಿಂದಿರಲಿಲ್ಲ. ಮೈಕ್ ಕೊಡಹೋದರೆ ಬೇಡವೆಂದರು.

ಸರ್ ಬೋರ್ಡಿನ ಕಡೆ ಹೋಗದೆ ಬಾಗಿಲ ಕಡೆ ನಡೆದರು. ಆ ಹಾಲ್‌ನ ಬಾಗಿಲು ಹಳೆಯದು, ದಪ್ಪ ಸಾಗವಾನಿಯದು. ಅದು ತಿರುಗುವ ಕೀಲಿನ ಪಕ್ಕದಲ್ಲೇ ಚಾಕ್‌ಪೀಸಿನಿಂದ ಒಂದು ಗುರುತು ಹಾಕಿದರು. ಕ್ಲಾಸಿನಲ್ಲಿ ಎಲ್ಲರಿಗಿಂತ ಗಟ್ಟಿಮುಟ್ಟಾದ ಹುಡುಗನನ್ನು ಕರೆದು, ಇಲ್ಲಿ ಒಂದು ಬೆರಳಿಟ್ಟು ದೂಡು ಎಂದು ಸನ್ನೆ ಮಾಡಿದರು. ಅವನು ಮುಖ ಕೆಂಪಾಗುವಂತೆ ದೂಡಿದ, ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಹುಲಿಹೈದರ ಊರಿನ ಒಬ್ಬ ಕಡ್ಡಿಯಂಥ ಹುಡುಗಿಯನ್ನು ಕರೆದು ಬಾಗಿಲಿನ ಇನ್ನೊಂದು ತುದಿಯ ಅಂಚು ತೋರಿಸಿದರು. ಅವಳು ಒಂದು ಬೆರಳಿಟ್ಟಳು. ಬಾಗಿಲು ಕಿರ್ರೆಂದು ಸರಿಯಿತು.

ಮಕ್ಕಳೆಲ್ಲ ಹೋ ಎಂದರು. ಸರ್ ಬೋರ್ಡಿಗೆ ಹೋಗಿ ದೊಡ್ಡದಾಗಿ ‘ಯಾಕ?’ ಎಂದು ಬರೆದು, ಕೈಕಟ್ಟಿ ನಿಂತರು.

ಅಷ್ಟೇ. ನಿಂತೇ ನಿಂತರು. ಅಯ್ಯೋ, ಆ ಮೌನ ನನ್ನಿಂದ ತಡೆಯಲಾಗಲಿಲ್ಲ. ನಾನಾಗಿದ್ದರೆ ಅಷ್ಟರಲ್ಲಿ ಟಾರ್ಕ್‌ನ, ಅಂದರೆ ತಿರುಗಿಸುವ ಬಲದ, ಸೂತ್ರ ಬರೆದು, ಎರಡು ಲೆಕ್ಕ ಬಿಡಿಸಿ, ಹೂಂರಿ ಅನ್ನಿಸಿಕೊಂಡು ಮುಗಿಸುತ್ತಿದ್ದೆ. ಎದ್ದು ಹೋಗಿ ಅವರ ಪರವಾಗಿ ಉತ್ತರ ಹೇಳಿಬಿಡಲೇ ಎನಿಸಿತು. ಮೇಡಂ ನನ್ನ ಕೈ ಹಿಡಿದು ಕೂರಿಸಿದರು.

ಮಕ್ಕಳು ಮೊದಲು ಸರ್ ಮುಖ ನೋಡಿದರು, ಆಮೇಲೆ ತಮ್ಮ ತಮ್ಮ ಮುಖ ನೋಡಿಕೊಂಡರು, ಆಮೇಲೆ ಗುಸುಗುಸು ಶುರುವಾಯಿತು. ಕೀಲಿನಿಂದ ದೂರ ದೂಡಿದರೆ ಹಗುರ ಎಂದ ಒಬ್ಬ. ಸರ್ ತಲೆಯಾಡಿಸಿ, ಬೋರ್ಡಿನ ‘ಯಾಕ?’ದ ಕೆಳಗೆ ಒಂದು ಗೆರೆ ಎಳೆದರು. ಆಗ ಬಾಗಿಲು ದೂಡಿದ್ದ ಆ ಹುಡುಗಿ ಎದ್ದು ನಿಂತಳು.

“ಸರ್, ನನಗ ತಿಳೀಲಿಲ್ಲರಿ.”

ಹಿಂದೆ ಕೂತಿದ್ದ ನಾವು ಮೇಷ್ಟ್ರುಗಳೆಲ್ಲ ನೆಟ್ಟಗಾದೆವು.

“ಆತಗಿಂತ ನನಗ ಶಕ್ತಿ ಕಮ್ಮೀರಿ. ನಾ ಜೋರಾಗೂ ದೂಡಲಿಲ್ಲ. ಮತ್ತ ಬಾಗಲಾ ಸರಿಯಾಕ ಬೇಕಾದ್ದು ಎಲ್ಲಿಂದ ಬಂತ್ರಿ?”

ಎಷ್ಟೋ ವರ್ಷದಿಂದ ಇದೇ ಪಾಠ ಮಾಡುತ್ತಿದ್ದೇನೆ, ಈ ಪ್ರಶ್ನೆ ನನ್ನ ಕ್ಲಾಸಿನಲ್ಲಿ ಒಮ್ಮೆಯೂ ಎದ್ದಿಲ್ಲ. ಸರ್ ನಿಧಾನಕ್ಕೆ ಹೋಗಿ ಅವಳ ಬೆಂಚಿನ ಮೇಲೆ ಅವಳ ಪಕ್ಕದಲ್ಲೇ ಕೂತರು. ಅವರು ಏನು ಹೇಳುತ್ತಾರೆಂದು ಕೇಳಲು ಇಡೀ ಕ್ಲಾಸು ಆ ಬೆಂಚಿನ ಸುತ್ತ ಮುಗಿಬಿತ್ತು. ನಾವೂ ಕುರ್ಚಿ ಬಿಟ್ಟು ಎದ್ದೆವು. ಫ್ಯಾನಿನ ಸದ್ದು ಅಡ್ಡಬರುತ್ತದೆಂದು ಯಾರೋ ಅದನ್ನೂ ಆರಿಸಿದರು.

“ನಿನ್ನ ಬಟ್ಟು ಎಷ್ಟು ದೂರ ಹೋತು ಬೇಟಾ?” ಸರ್ ಅವಳ ಬೆರಳು ತೋರಿಸಿ ಪಿಸುಗುಟ್ಟಿದರು. “ಆತಂದು ಎಷ್ಟು ಹೋಗ್ತಿತ್ತು?”

ಅವಳು ಬಾಗಿಲಿಗೆ ಓಡಿದಳು. ಅಂಚಿನಲ್ಲಿ ಬೆರಳಿಟ್ಟು ಮತ್ತೆ ದೂಡುತ್ತ ತಾನು ಸರಿದ ದೂರ ನೋಡಿದಳು. ಕೀಲಿನ ಹತ್ತಿರದ ಗುರುತು ಎಷ್ಟು ಸರಿಯಿತೆಂದು ಗೇಣು ಹಾಕಿ ನೋಡಿದಳು, ಗೇಣು ತುಂಬಲಿಲ್ಲ. “ನಾ ಭಾಳ ದೂರ ನಡದೀನ್ರಿ,” ಎಂದಳು, ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುವಂತೆ. “ಜೋರು ಕಮ್ಮಿ, ದಾರಿ ಹೆಚ್ಚು.” ಗಟ್ಟಿಮುಟ್ಟಾದ ಹುಡುಗನೂ ಬಂದು ಗೇಣು ಹಾಕಿದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ನಾನೂ ಹೋಗಿ ದೂಡಿದೆ. ಗೊತ್ತಿದ್ದ ಸಂಗತಿಯೇ, ಆದರೂ ಕೈಗೆ ಸಿಕ್ಕದ್ದು ಅವತ್ತೇ. ಕಣ್ಣು ತುಂಬಿ ಬಂತು, ಮುಚ್ಚಿಡಲಿಲ್ಲ.

ಸಂಜೆ ಬಸ್ಸಿನಲ್ಲಿ ಗಿಣಿಗೇರಿ ದಾಟುವವರೆಗೆ ಸರ್ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು. ಆಮೇಲೆ ನನ್ನ ಕಡೆ ಬಾಗಿದರು.

“ಇಷ್ಟು ವರ್ಷದಾಗ ಯಾರೂ ನನಗ ತಿಳೀಲಿಲ್ಲರಿ ಅಂದಿದ್ದಿಲ್ಲ ಬೇಟಾ. ಅವರು ಬಾಯಿ ತೆಗಿಯೂದ್ರಾಗ ನಾನ ಹೇಳಿ ಮುಗಿಸಿಬಿಡ್ತಿದ್ದೆ.”

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಬಾಗಿದರು.

“ಸೋಮವಾರ ನಂದು ಎಷ್ಟನೇ ಪಿರಿಯಡ್ ಐತಿ?”

ಸರ್ ಇನ್ನು ಬರುವುದಿಲ್ಲವೆಂದುಕೊಂಡು ಅವರ ಪಿರಿಯಡ್‌ಗಳನ್ನೆಲ್ಲ ನಾವು ವಿಭಾಗದವರು ಆಗಲೇ ನಮ್ಮ ನಮ್ಮಲ್ಲಿ ಹಂಚಿಕೊಂಡಿದ್ದೆವು. ಸೋಮವಾರದ ಮೊದಲನೆಯದು ನನ್ನ ಪಾಲಿಗೆ ಬಂದಿತ್ತು.

“ಮೊದಲನೇದ್ರಿ ಸರ್,” ಎಂದೆ.