ಚಂದ್ರಾಮಪ್ಪನ ಜಿಲೇಬಿ

ಪಕ್ಕದ ಕೋಣೆಯ ಚಂದ್ರಾಮಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ. ಅಂಥವನು ಸುಳ್ಳು ಶುರುಮಾಡಿದರೆ ಗೊತ್ತಾಗದೆ ಇರುತ್ತದೆಯೇ? ಭಾನುವಾರ ಬೆಳಿಗ್ಗೆ ಎಲ್ಲಿಗೆ ಹೊರಟೆ ಎಂದು ಹೆಂಡತಿ ಅಮೃತಮ್ಮ ಕೇಳಿದರೆ, ‘ಡ್ಯೂಟಿ ಅದ’ ಎಂದು ಗೋಡೆಗೆ ಉತ್ತರ ಕೊಡುತ್ತಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಶಹಾಪುರದ ಕಡೆಯವನು. ಕೃಷ್ಣರಾಜಪುರದ ಈ ಬಾಡಿಗೆ ಕೋಣೆಗಳ ಸಾಲಿನಲ್ಲಿ ಇರುವ ನಾವೆಲ್ಲ ಆ ಕಡೆಯವರೇ. ಗೌಂಡಿ ಕೆಲಸಕ್ಕೆಂದು ಬಂದು ಇಂದಿರಾನಗರದಲ್ಲಿ ಎಷ್ಟೋ ಮನೆಗಳ ಗೋಡೆ ಎಬ್ಬಿಸಿದ. ಆಮೇಲೆ ಸಕ್ಕರೆ ಕಾಯಿಲೆ ಹತ್ತಿತು. ಎಡಗಾಲಿನ ಕಿರುಬೆರಳನ್ನು ಸಿಮೆಂಟು ತಿಂದು, ಹುಣ್ಣಾಗಿ, ಹೋದ ವರ್ಷ ಆಸ್ಪತ್ರೆಯಲ್ಲಿ ಬೆರಳನ್ನೇ ತೆಗೆದರು. ಕಾಲಿನ ನರಗಳು ಸತ್ತಿವೆ, ಇನ್ನೊಂದು ಗಾಯವಾದರೆ ಪಾದವೇ ಹೋಗುತ್ತದೆ, ಸಿಹಿ ಮುಟ್ಟಬಾರದು, ಕಾಲು ನೆನೆಸಬಾರದು ಎಂದು ಡಾಕ್ಟರಮ್ಮ ಹೇಳಿ ಕಳಿಸಿದರು. ಈಗ ಜೀವನ್ ಬಿಮಾ ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಆಗಿದ್ದಾನೆ.

ಅಂದಿನಿಂದ ಅಮೃತಮ್ಮ ತಾನೂ ಸಪ್ಪೆ ಚಹಾ ಕುಡಿಯುತ್ತಾಳೆ. ಸಕ್ಕರೆ ಡಬ್ಬಿಯನ್ನು ತಂದು ನನ್ನ ಕೋಣೆಯಲ್ಲಿಟ್ಟಳು. ಗಂಡನ ಆ ಪಾದವೇ ಅವಳ ದೇವರಮನೆ.

ಒಂದು ಸೋಮವಾರ ಅವನ ಅಂಗಿ ಒಗೆಯಲು ತೆಗೆದವಳು ಓಡಿ ಬಂದಳು. “ಕಾವೇರಕ್ಕ, ಇಲ್ಲಿ ನೋಡ್ರಿ” ಎಂದು ಕಿಸೆಯನ್ನು ಮಗುಚಿ ತೋರಿಸಿದಳು. ಒಣಗಿದ ಬಿಳಿ ಹಿಟ್ಟಿನ ಉಂಡೆಗಳು. ನಾಲಿಗೆಗೆ ಹಚ್ಚಿ ನೋಡಿದೆ, ಮೈದಾ. ಜೋಳದ ರೊಟ್ಟಿ ತಿನ್ನುವ ಮನೆಯಲ್ಲಿ ಮೈದಾ ಹಿಟ್ಟಿಗೇನು ಕೆಲಸ?

ನನಗೆ ಒಮ್ಮೆ ಸಂಶಯ ಬಂದರೆ ಮುಗಿಯಿತು, ಉಂಡ ಅನ್ನ ಅರಗುವುದಿಲ್ಲ. ನಮ್ಮ ನಡುವಿನ ಗೋಡೆಯೂ ತೆಳು. ಶನಿವಾರ ಅವನ ಫೋನು ಸ್ಪೀಕರಿನಲ್ಲಿತ್ತು. ಮಾತಾಡಿದವನು ಅಪಾರ್ಟ್‌ಮೆಂಟಿನ ಪ್ಲಂಬರ್ ಮುನಿರಾಜು, ಇದೇ ಊರಿನವನು.

“ಅಣ್ಣ, ನಾಳೆ ಬೆಳಿಗ್ಗೆನೇ ಬಂದ್ಬಿಡಿ. ಜಿಲೇಬಿ ಸಕತ್ತಾಗಿ ಬೀಳ್ತಿದೆ. ಮೈದಾ ನೀವೇ ಕಲಸ್ಕೊಂಡ್ ಬನ್ನಿ. ಈ ಸಲ ಅಂಗೈ ಅಗಲದ್ದೇ ತಿನ್ನಿಸ್ತೀನಿ.”

ಅಮೃತಮ್ಮನೂ ಕೇಳಿಸಿಕೊಂಡಿದ್ದಳು. ನನ್ನ ಬಾಗಿಲಿಗೆ ಬಂದು ನಿಂತಾಗ ಅವಳ ಮುಖದಲ್ಲಿ ರಕ್ತವಿರಲಿಲ್ಲ. ಎಣ್ಣೆಗೆ ಬೀಳುತ್ತಿದೆ ಎಂದೇ ನಾವಿಬ್ಬರೂ ತಿಳಿದೆವು. ಅಂಗೈ ಅಗಲದ ಜಿಲೇಬಿ, ಅದೂ ಪಾಕದಲ್ಲಿ ಮುಳುಗಿಸಿದ್ದು! ಇವಳು ಸಪ್ಪೆ ಚಹಾ ಕುಡಿದು ಕಾಯುತ್ತಿರುವ ಕಾಲನ್ನು ಅವನು ವಾರವಾರವೂ ತಿಂದು ಹಾಕುತ್ತಿದ್ದಾನಲ್ಲ ಎಂದು ನನ್ನ ಮೈ ಉರಿಯಿತು.

ರಾತ್ರಿ ಊಟಕ್ಕೆ ಬಡಿಸುತ್ತಾ ಅವಳು ಸುಮ್ಮನೆ ಕೇಳಿದಳಂತೆ, “ಆ ಮುನಿರಾಜು ಹೆಂಥಾ ಮನಷ್ಯಾರಿ?” ಅವನ ಕೈ ತಟ್ಟನೆ ಕಿಸೆಗೆ ಹೋಯಿತಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ.

ಭಾನುವಾರ ಅವನ ಹಿಂದೆಯೇ ಹೊರಟೆವು. ಮಾರ್ಕೆಟ್ ದಾಟಿದ, ಸ್ವೀಟ್ ಅಂಗಡಿಯತ್ತ ತಿರುಗಿಯೂ ನೋಡಲಿಲ್ಲ. ಮನೆಯಲ್ಲೇ ಕರಿಯುತ್ತಾರೆ ಕಳ್ಳರು ಎಂದುಕೊಂಡೆ. ಅವನು ಹೋದದ್ದು ಕೆರೆ ಏರಿಯ ಕಡೆಗೆ.

ನಾವು ಏರಿ ಹತ್ತುವ ಹೊತ್ತಿಗೆ ಚಂದ್ರಾಮಪ್ಪ ಪ್ಯಾಂಟು ಮಡಚಿ, ಬಿದಿರಿನ ಕೋಲು ಹಿಡಿದು, ಮೊಣಕಾಲಿನವರೆಗೆ ನೀರಿನಲ್ಲಿ ನಿಂತಿದ್ದ. ಕೋಲಿನ ದಾರಕ್ಕೆ ಕಟ್ಟಿದ ಬೆಂಡು ನೀರಿನ ಮೇಲೆ ಕುಣಿಯುತ್ತಿತ್ತು. ದಡದಲ್ಲಿ ಕುಕ್ಕರಗಾಲಲ್ಲಿ ಕೂತ ಮುನಿರಾಜು ಪಾಠ ಹೇಳುತ್ತಿದ್ದ.

“ಈಗ್ಲೇ ಎಳೀಬೇಡಿ ಅಣ್ಣ. ಬೆಂಡು ಕುಣಿದ್ರೆ ಬರೀ ರುಚಿ ನೋಡ್ತಿದೆ ಅಂತ. ಪೂರ್ತಿ ಮುಳುಗ್ಲಿ, ಆಮೇಲೆ ಎಳೀರಿ.”

ಅಮೃತಮ್ಮ ನೇರ ಮುನಿರಾಜುವಿನ ಮುಂದೆ ಹೋಗಿ ನಿಂತಳು. “ಜಿಲೇಬಿ ಎಲ್ಲಿ ಅದ? ತಗಿ ಹೊರಗ.”

ಅವನು ಗಾಬರಿಯಾಗಿ ಬಕೆಟ್ಟನ್ನು ಮುಂದೆ ತಳ್ಳಿದ. ಒಳಗೆ ಬೂದು ಬಣ್ಣದ ಚಪ್ಪಟೆ ಮೀನು, ಬೆನ್ನ ತುಂಬ ಮುಳ್ಳು.

“ಇದು ಮೀನ.”

“ಮೀನೇ ಅಮ್ಮ. ನಮ್ ಕಡೆ ಇದನ್ನೇ ಜಿಲೇಬಿ ಅನ್ನೋದು.”

“ಸಿಹಿ ಇರ್ತದೇನು?”

“ಮೀನ್ ಎಲ್ಲಾದ್ರೂ ಸಿಹಿ ಇರುತ್ತಾ? ಖಾರ ಹಚ್ಚಿ ಹುರಿಯೋದು. ಮೈದಾ ಗಾಳಕ್ಕೆ ಸಿಗ್ಸೋದಕ್ಕೆ.”

ಅಮೃತಮ್ಮ ಅಲ್ಲೇ ಕಲ್ಲಿನ ಮೇಲೆ ಕುಸಿದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ, ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ನನಗೂ ಜೀವ ಬಂದಂತಾಯಿತು. ಆದರೂ ಬಿಡದೆ, “ಮತ್ತ ಸುಳ್ಳ ಯಾಕ ಹೇಳ್ದಿ ಚಂದ್ರಾಮ?” ಎಂದೆ.

“ನೀರಾಗ ಇಳೀತೀನಿ ಅಂದ್ರ ಇಕಿ ಬಿಡ್ತಿದ್ದಳೇನಕ್ಕ?” ಎಂದ ಅವನು, ಬೆಂಡಿನ ಮೇಲಿಂದ ಕಣ್ಣು ತೆಗೆಯದೆ. “ದಿನಾ ಗೇಟಿನ ಮುಂದ ಸುಮ್ನ ಕುಂದರ್ತೀನಿ. ಇಲ್ಲಿ ಬಂದ್ರ ಕೈಗಿ ಒಂದ ಕೆಲಸ ಸಿಗ್ತದ.”

“ಇರ್ಲಿ ಬಿಡಕ್ಕ,” ಎಂದಳು ಅಮೃತಮ್ಮ ಕಣ್ಣೊರೆಸುತ್ತಾ. “ಸಿಹಿ ತಿಂದಿಲ್ಲಲ್ಲ, ಅಷ್ಟ ಸಾಕು.”

ಅಷ್ಟರಲ್ಲಿ ಬೆಂಡು ಪೂರ್ತಿ ಮುಳುಗಿತು. ಚಂದ್ರಾಮಪ್ಪ ಎಳೆದ. ಗಾಳದ ತುದಿಯಲ್ಲಿ ನಿಜಕ್ಕೂ ಅಂಗೈ ಅಗಲದ್ದು ಒದ್ದಾಡುತ್ತಿತ್ತು. ಅದರ ಮುಳ್ಳು ಚುಚ್ಚದಂತೆ ತಲೆಯ ಕಡೆಯಿಂದ ಬೆನ್ನು ಸವರಿ ಅದುಮಿ ಹಿಡಿದು, ಮದುಮಗನ ಹಾಗೆ ನಗುತ್ತಾ ದಡದ ಕಲ್ಲುಮೆಟ್ಟಿಲು ಹತ್ತಿ ಬಂದ. ಇಷ್ಟು ವರ್ಷಗಳಲ್ಲಿ ಆ ನಗು ನಾನು ಕಂಡಿರಲಿಲ್ಲ.

ಅವನು ಹತ್ತಿದ ಕಲ್ಲುಗಳ ಮೇಲೆ ಹೆಜ್ಜೆಯ ಗುರುತು ಬಿದ್ದಿತ್ತು. ಬಲಗಾಲಿನದು ಬರೀ ನೀರು. ಎಡಗಾಲಿನದು ಕೆಂಪು.

ಅಮೃತಮ್ಮ ಅವನನ್ನು ಕೂರಿಸಿ ಪಾದವನ್ನು ಮಡಿಲಿಗೆಳೆದುಕೊಂಡಳು. ಅಂಗಾಲಿನ ನಡುವೆ ಬಾಟಲಿ ಚೂರು ಹಸಿರಾಗಿ ನೆಟ್ಟಿತ್ತು. ಮುನಿರಾಜು ಆಟೋ ತರಲು ಓಡಿದ.

“ನೋವಾಗವಲ್ದೇನ್ರಿ?” ಎಂದಳು ಅವಳು.

ಚಂದ್ರಾಮಪ್ಪ ಇನ್ನೂ ಮೀನನ್ನೇ ನೋಡುತ್ತಿದ್ದ.

“ಯಾವ ಕಾಲು?” ಎಂದು ಕೇಳಿದ.