ಅರ್ಧ ಮುದ್ದೆಯ ಎಲೆ

ನಮ್ಮ ಮನೆತನದಲ್ಲಿ ಆಗಾಗ ಒಂದು ಮಗು ಬೆಕ್ಕಿನ ಕಣ್ಣು ಹೊತ್ತು ಹುಟ್ಟುತ್ತೆ. ನನಗೆ ಆ ಕಣ್ಣಿಲ್ಲ. ಚಿಕ್ಕಪ್ಪನ ಮಗನಿಗಿದೆ, ಅದರ ಜಂಬವೂ ಚಿಕ್ಕಂದಿನಿಂದ ಇದೆ. ಹೋದ ವರ್ಷ ಅವನು ಒಂದು ಕೊಳವೆಯೊಳಗೆ ಉಗುಳಿ, ಆ ಉಗುಳನ್ನು ಡಿಎನ್‌ಎ ಪರೀಕ್ಷೆಗೆ ಕೊರಿಯರ್‌ನಲ್ಲಿ ಕಳಿಸಿ, ತಾನು ಯಾರು ಅಂತ ತಿಳಿದುಕೊಂಡ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ನೆಲಮಂಗಲದಲ್ಲಿ ಲಾರಿಗಳಿಗೆ ವೆಲ್ಡಿಂಗ್ ಮಾಡಿ ಮನೆ ಕಟ್ಟಿದವನು. ನಾನು ಯಾರು ಅಂತ ತಿಳಿಯೋಕೆ ಇದುವರೆಗೆ ಉಗುಳೋ ಅಗತ್ಯ ಬಿದ್ದಿಲ್ಲ.

ಅವನು ನನ್ನ ಶೆಡ್ಡಿಗೆ ಬಂದು ಫೋನು ಮುಖಕ್ಕೆ ಹಿಡಿದ. "ಅಣ್ಣಾ, ನಮ್ಮ ಮೂಲ ನಾರ್ವೆ ಕಣಣ್ಣಾ!"

"ಎಲ್ಲಿ ಬರುತ್ತಲೇ ಅದು, ದಾಬಸ್‌ಪೇಟೆ ದಾಟಿದ ಮೇಲಾ?"

ಅವನಿಗೆ ನಗು ಬರಲಿಲ್ಲ. ಉಗುಳಿನ ಲೆಕ್ಕದಲ್ಲಿ ನಾರ್ವೆಯ ಹೆಂಗಸೊಬ್ಬಳು ನೆಂಟಳಾಗಿ ಸಿಕ್ಕಿದ್ದಳಂತೆ. ಆಯಮ್ಮನ ಮನೆತನದ ಒಬ್ಬ ಹಡಗು ಹತ್ತಿ ಇಲ್ಲಿಗೆ ಬಂದು, ರೈಲು ಹಾದಿ ಹಾಕುವಲ್ಲಿ ಮೇಸ್ತ್ರಿಯಾಗಿದ್ದು, ಆಮೇಲೆ ಬೆಂಗಳೂರಲ್ಲಿ ಕಬ್ಬಿಣದ ಅಂಗಡಿ ಇಟ್ಟು, ಬಿಳಿ ಹೆಣ್ಣನ್ನೇ ಮದುವೆಯಾಗಿ ಅಲ್ಲೇ ಸತ್ತ. ಇವನು ಭಾನುವಾರಗಳನ್ನೆಲ್ಲ ಹಳೇ ಸಮಾಧಿಗಳ ನಡುವೆ ಕಳೆದು ಅವನ ಕಲ್ಲು ಹುಡುಕಿದ್ದ. ಸ್ವಂತ ಅಪ್ಪನ ಸಮಾಧಿಗೆ ಒಂದು ಸಲ ಸುಣ್ಣ ಬಳಿದವನಲ್ಲ.

"ಸಮುದ್ರಾನೇ ದಾಟಿ ಬಂದೋನಣ್ಣಾ. ಎಂಥಾ ಧೈರ್ಯ ನೋಡು!"

"ಸಮುದ್ರ ದಾಟಿದೋನಿಗೆ ಬೆಂಗಳೂರಿಂದ ನಮ್ಮೂರು ಕುಂದಾಣ ದೂರ ಆಯ್ತಾ?"

ಇದೇನು ಹೊಸ ಸುದ್ದಿಯಲ್ಲ. ನಮ್ಮ ಮುತ್ತಾತ ಯಾರೋ ಬಿಳಿಯನಿಗೆ ಹುಟ್ಟಿದವನು ಅಂತ ಕುಂದಾಣದಲ್ಲಿ ದನ ಕಾಯುವವರಿಗೂ ಗೊತ್ತಿತ್ತು. ಮುತ್ತಾತನ ತಾಯಿ ಆ ರೈಲು ಹಾದಿಗೆ ಮಣ್ಣು ಹೊತ್ತವಳು. ಅವಳು ಬಸುರಿಯಾದ ಮೇಲೆ ಆ ಬಿಳಿಯ ಕಾಣೆಯಾದ, ತವರಿನವರು ಹೊರಗೆ ಹಾಕಿದರು. ಕುಂದಾಣಕ್ಕೆ ಬಂದು ಕಂಡವರ ಹೊಲದಲ್ಲಿ ಕಳೆ ಕಿತ್ತಳು. ಕೂಲಿಗೆ ಸಿಗುತ್ತಿದ್ದ ಒಂದು ಮುದ್ದೆಯಲ್ಲಿ ಅರ್ಧ ತಾನು ತಿಂದು ಅರ್ಧ ಮಗನಿಗೆ ಕೊಟ್ಟು ಸಾಕಿದಳು.

ಅದಕ್ಕೇ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ನಮ್ಮಲ್ಲಿ ಮೊದಲನೇ ಎಲೆ ಅವಳದು. ಮಿಕ್ಕ ಎಲೆಗಳಿಗೆ ಇಡೀ ಮುದ್ದೆ, ಅವಳ ಎಲೆಗೆ ಅರ್ಧ. ಉಳಿದರ್ಧವನ್ನು ಅಣ್ಣತಮ್ಮಂದಿರಲ್ಲಿ ಕಿರಿಯವನು ಮನೆಯ ಹಿರಿಯ ಹೆಂಗಸಿನ ಕೈಯಿಂದ ತಿನ್ನಬೇಕು. ಅವನು ತಿನ್ನೋವರೆಗೆ ಯಾರೂ ಎಲೆ ಮುಂದೆ ಕೂರೋಹಾಗಿಲ್ಲ. ನಮ್ಮಲ್ಲಿ ಕಿರಿಯವನು ಈ ನಾರ್ವೆಯವನೇ.

ಈ ಸಲದ ಎಡೆಗೆ ಅವನು ಆಯಮ್ಮ ಕಳಿಸಿದ ಆ ಗಡ್ಡದ ಬಿಳಿಯನ ಫೋಟೋಗೆ ಕಟ್ಟು ಹಾಕಿಸಿ, ಗಂಧದ ಹಾರದ ಸಮೇತ ತಂದ. ಜೊತೆಗೆ ಬ್ರೆಡ್ಡು, ಒಂದು ವಿಸ್ಕಿ ಬಾಟಲಿ. ನಾರ್ವೆಯ ಆಯಮ್ಮ ವಿಡಿಯೋದಲ್ಲಿ ನಮಗೆಲ್ಲ ಕೈಮುಗಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ನಮ್ಮವನಿಗಿಂತ ಮರ್ಯಾದೆ ಗೊತ್ತಿತ್ತು.

ಇವನು ಫೋಟೋವನ್ನು ಸೀದಾ ಮೊದಲನೇ ಎಲೆ ಹಿಂದೆ ನಿಲ್ಲಿಸಿ ನಮ್ಮವ್ವನಿಗೆ ಹೇಳಿದ, "ದೊಡ್ಡಮ್ಮಾ, ವಂಶದ ಮೂಲಪುರುಷ ಇವರು. ಮೊದಲನೇ ಎಲೆ ಇವರಿಗಿರಲಿ. ಆ ಅಜ್ಜೀದು ಎರಡನೇದಕ್ಕೆ ಸರಿಸಿದ್ರೆ ಏನಾಗುತ್ತೆ?"

ನನ್ನ ಕೈ ಎದ್ದಿತ್ತು. ಅವ್ವ ಕಣ್ಣಲ್ಲೇ ತಡೆದಳು. ಸೌದೆ ಒಲೆ ಮುಂದೆ ಮುದ್ದೆ ಕಟ್ಟುತ್ತಾ ಕೇಳಿದಳು, "ಇಡ್ತೀನಿ ಕಣಪ್ಪಾ. ಈವಯ್ಯನಿಗೆ ಎಷ್ಟು ಇಡ್ಲಿ?"

"ಇಡೀ ಮುದ್ದೇನೇ ಇಡು, ದೊಡ್ಡಮ್ಮಾ. ಅರ್ಧ ಇಟ್ರೆ ಚೆನ್ನಾಗಿರುತ್ತಾ?"

"ಇಡೀದು ಅವನಿಗೇ ಇಟ್ರೆ ನಿನಗೇನು ಕೊಡ್ಲಿ?"

ಅವ್ವ ಬಿಸಿ ಮುದ್ದೆ ಕೈಯಲ್ಲಿ ಹಿಡಿದು ಹಾಗೇ ನಿಂತಳು. ಹುರುಳಿ ಸಾರು ಆರುತ್ತಿತ್ತು, ಸೊಸೆಯರು, ಮಕ್ಕಳು ಹಸಿದು ಇವನ ಮುಖವನ್ನೇ ನೋಡುತ್ತಿದ್ದರು. ಫೋನಿನೊಳಗೆ ಆಯಮ್ಮ ಏನೋ ಕೇಳಿದಳು. ಇವನು ಫೋನು ಆರಿಸಿದ.

ಆಮೇಲೆ ಫೋಟೋ ಎತ್ತಿ, ಬ್ರೆಡ್ಡು ಬಾಟಲಿ ಸಮೇತ ಬಾಗಿಲ ಪಕ್ಕ ಚಪ್ಪಲಿ ಬಿಡುವ ಕಡೆ ಒರಗಿಸಿ ಬಂದ. ಅವ್ವ ಮುದ್ದೆ ಮುರಿದಳು. ಅರ್ಧ ಮೊದಲನೇ ಎಲೆಗೆ ಇಟ್ಟು ಕೈಮುಗಿದು, ಉಳಿದರ್ಧ ಅವನ ಬಾಯಿಗಿಟ್ಟಳು. ತಲೆ ತಗ್ಗಿಸಿ ನುಂಗಿದ. ನುಂಗಿದ ಅಂತ ಅವನ ಮೇಲೆ ನನಗೇನು ಮರ್ಯಾದೆ ಹುಟ್ಟಲಿಲ್ಲ. ನಾವೆಲ್ಲ ಊಟಕ್ಕೆ ಕೂತೆವು.

ಹೋಗುವಾಗ ಫೋಟೋ ಮರೆತ, ಬಾಟಲಿ ಮರೆಯಲಿಲ್ಲ. ಬ್ರೆಡ್ಡನ್ನು ಸಂಜೆ ಟೀಯಲ್ಲಿ ಅದ್ದಿ ನಾನೇ ತಿಂದೆ. ಸಪ್ಪೆ.